ಕೆಲಸವಿಲ್ಲದೆ ನಡೆಯುವುದು



ಕಳೆದ ವಾರದ ಓದಿನಲ್ಲಿ 'ಅಪ್ಪಮಾದ', ಅಂದರೆ ಮೈಮರೆಯದೆ ಎಚ್ಚರದಿಂದಿರುವ ಗುಣದ ಬಗ್ಗೆ ಮಾತಾಗುತ್ತಿತ್ತು. ಆಗ ನಮ್ಮ ಕೂಟದ ಒಬ್ಬ ಹುಡುಗ ಕೇಳಿದ: "ಟೀಚರ್, ಭಾನುವಾರ ಸುಮ್ಮನೆ ಬೀಚಿಗೆ ಹೋಗಿ ತಿರುಗಾಡಿ ಬರುವುದು ಪ್ರಮಾದ ಆಗುತ್ತದಾ?" ಎಲ್ಲರೂ ನಕ್ಕರು. ನನಗೆ ಅದು ನಗುವ ಪ್ರಶ್ನೆ ಅನ್ನಿಸಲಿಲ್ಲ. ಮೊನ್ನೆ ಭಾನುವಾರ ಇನ್ನಂಜೆಯಿಂದ ಕಾಪುವಿನ ಕಡಲಿನವರೆಗೆ ಒಂದಿಡೀ ದಿನ ನಡೆದೆ. ಉತ್ತರ ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ಇನ್ನಂಜೆ ಪೇಟೆಯೂ ಅಲ್ಲ, ದೂರದ ಹಳ್ಳಿಯೂ ಅಲ್ಲ. ಉಡುಪಿ, ಮಣಿಪಾಲಕ್ಕೆ ಕೆಲಸಕ್ಕೆ ಹೋಗಿ ಬರುವವರು, ಗದ್ದೆ, ತೆಂಗು, ಮಲ್ಲಿಗೆ ತೋಟ, ನಡುವೆ ಕೊಂಕಣ ರೈಲಿನ ಒಂದು ಸಣ್ಣ ಸ್ಟೇಷನ್. ಕೊಡೆ ಮತ್ತು ನೀರಿನ ಬಾಟಲಿ ಹಿಡಿದು ಬೆಳಿಗ್ಗೆ ಏಳಕ್ಕೆ ಹೊರಟೆ. ಗುರುತಿನವರೊಬ್ಬರು, "ಎಂತ ಟೀಚರ್, ಎಲ್ಲಿಗೆ ಹೊರಟದ್ದು?" ಅಂದರು. "ಎಲ್ಲಿಗೂ ಇಲ್ಲ, ಸುಮ್ಮನೆ" ಅಂದೆ. ಅವರಿಗೆ ಸಮಾಧಾನ ಆಗಲಿಲ್ಲ. ಸ್ವಲ್ಪ ಮುಂದೆ ಹೋದ ಮೇಲೆ ಇನ್ನೊಬ್ಬರು ಸ್ಕೂಟರ್ ನಿಲ್ಲಿಸಿ, "ಬಸ್ಸು ತಪ್ಪಿತಾ? ಬನ್ನಿ, ಬಿಡ್ತೇನೆ" ಅಂದರು. ಹೆಂಗಸು ಒಬ್ಬಳೇ ಕಾರಣವಿಲ್ಲದೆ ನಡೆದರೆ ಊರಿಗೇ ಚಿಂತೆ.

ನಮ್ಮ ಮನೆಯಲ್ಲಿಯೂ ಕಾರಣವಿಲ್ಲದ ನಡಿಗೆ ಎಂಬುದು ಇರಲಿಲ್ಲ. ಕೆಲಸಕ್ಕೆ, ಆಸ್ಪತ್ರೆಗೆ, ಸಾವಿನ ಮನೆಗೆ ನಡೆದರು, ಅಷ್ಟೆ. ನನ್ನ ಅಜ್ಜಿ ಗುತ್ತಿನ ಮನೆಯ ಗದ್ದೆಗೆ ಕಟ್ಟಪುಣಿಯ ಮೇಲೆ ಹೋಗುವಾಗ ಎದುರಿಗೆ ದೊಡ್ಡ ಜಾತಿಯವರು ಬಂದರೆ ಕೆಸರಿಗೆ ಇಳಿದು ನಿಲ್ಲುತ್ತಿದ್ದರಂತೆ. ತಲೆಯ ಮೇಲೆ ನೇಜಿಯ ಹೊರೆ ಇದ್ದರೂ ಇಳಿಯಬೇಕಿತ್ತು. ಕೊರಗರ ಕಥೆ ಇನ್ನೂ ಕಠೋರ. ದಾರಿಯಲ್ಲಿ ಉಗುಳಿದರೆ ದಾರಿ ಮೈಲಿಗೆಯಾಗುತ್ತದೆಂದು ಅವರಲ್ಲಿ ಒಂದು ಪಂಗಡದವರ ಕೊರಳಿಗೆ ಮಡಕೆ ಕಟ್ಟಿಸುತ್ತಿದ್ದರು. ಅಂಡೆ ಕೊರಗರು ಎಂಬ ಹೆಸರು ಬಂದದ್ದು ಅದರಿಂದ. 1909ರ ಥರ್ಸ್ಟನ್‌ ಗ್ರಂಥದಲ್ಲಿ ಅದು ದಾಖಲಾಗಿದೆ. ಅಜಲು ಪದ್ಧತಿಯನ್ನು ನಿಷೇಧಿಸುವ ಕಾನೂನು ಕರ್ನಾಟಕದಲ್ಲಿ ಬಂದದ್ದು 2000ದಲ್ಲಿ. ಹಳೆಯ ಕಾಲ ಅನ್ನುತ್ತೇವೆ, ಅಷ್ಟು ಹಳೆಯದಲ್ಲ.

ಕನ್ನಡ ಮೇಷ್ಟ್ರಿಗೆ ಶಬ್ದದ ಚಟ, ಕ್ಷಮಿಸಿ. ಉಂಡು ಆಡುತ್ತಾ ತಿರುಗುವವನನ್ನು ಕನ್ನಡ 'ಉಂಡಾಡಿ' ಎಂದು ಬೈಯುತ್ತದೆ. ಉಳ್ಳವರು ಅದನ್ನೇ ಮಾಡಿದರೆ 'ವಾಯುವಿಹಾರ'. ಈ ವಿಹಾರ ಎಂಬ ಶಬ್ದ ನಮ್ಮದೇ. ಸುತ್ತಗಳ ಮೊದಲಿಗೆ ಭಗವಾನರು ಇಂಥ ಊರಿನಲ್ಲಿ 'ವಿಹರಿಸುತ್ತಿದ್ದರು' ಎಂದು ಬರುತ್ತದೆ. ಪಾಲಿಯಲ್ಲಿ ಅದರರ್ಥ ನೆಲೆಸಿದ್ದರು, ಬಾಳುತ್ತಿದ್ದರು ಎಂದು. ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆ ಈ ನಾಲ್ಕನ್ನು ಬ್ರಹ್ಮವಿಹಾರ ಅನ್ನುತ್ತೇವೆ. ಇನ್ನು ನಡಿಗೆಗೇ ಚಂಕಮ ಎಂಬ ಹೆಸರಿದೆ. ಅಂಗುತ್ತರ ನಿಕಾಯದಲ್ಲಿ ಬುದ್ಧರು ಚಂಕಮದ ಐದು ಲಾಭ ಹೇಳುತ್ತಾರೆ: ದೂರದ ಪ್ರಯಾಣಕ್ಕೆ ಮೈ ಪಳಗುತ್ತದೆ, ಸಾಧನೆಗೆ ಬಲ ಬರುತ್ತದೆ, ಕಾಯಿಲೆ ಕಡಿಮೆ, ತಿಂದದ್ದು ಕರಗುತ್ತದೆ, ನಡೆಯುತ್ತಾ ಸಿಕ್ಕಿದ ಏಕಾಗ್ರತೆ ಬಹಳ ಹೊತ್ತು ಉಳಿಯುತ್ತದೆ. ಐದರಲ್ಲಿ ಎರಡನ್ನು ಡಾಕ್ಟರರೂ ಹೇಳುತ್ತಾರೆ!

ಬಾಬಾಸಾಹೇಬರು ಬಿಡುವಿನ ಬಗ್ಗೆ ನೇರವಾಗಿಯೇ ಬರೆದಿದ್ದಾರೆ. ಕಾಂಗ್ರೆಸ್ ಮತ್ತು ಗಾಂಧಿ ಅಸ್ಪೃಶ್ಯರಿಗೆ ಮಾಡಿದ್ದೇನು ಎಂದು ಕೇಳುವ 1945ರ ಪುಸ್ತಕದಲ್ಲಿ ಅವರು ಯಂತ್ರದ ಪರ ವಾದಿಸುತ್ತಾರೆ. ಪ್ರಾಣಿ ಹೊಟ್ಟೆಗಾಗಿಯೇ ದಿನವಿಡೀ ದುಡಿದು ಮುಗಿಯುತ್ತದೆ. ಮನುಷ್ಯನಿಗೆ ಬಿಡುವು ಬೇಕು, ಬಿಡುವಿಲ್ಲದೆ ಸಂಸ್ಕೃತಿ ಇಲ್ಲ. ಯಂತ್ರ ಆ ಬಿಡುವನ್ನು ಎಲ್ಲರಿಗೂ ಕೊಡಬಲ್ಲದು ಎಂಬುದು ಅವರ ಮಾತಿನ ತಿರುಳು. ತಮಗೆ ಮಾತ್ರ ಬಿಡುವು ಕೊಟ್ಟುಕೊಳ್ಳದೆ ದುಡಿದ ಮನುಷ್ಯ ಇದನ್ನು ಬರೆದದ್ದು ನೋಡಿ. 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಗೆ ಸಾವಿರಾರು ಜನ ನಡೆದು ಹೋದದ್ದೂ ಬಾಯಾರಿಕೆಗಾಗಿ ಅಲ್ಲ. ಆ ನೀರಿಲ್ಲದಿದ್ದರೆ ನಾವೇನೂ ಸಾಯುವುದಿಲ್ಲ, ನಾವೂ ಮನುಷ್ಯರೆಂದು ತೋರಿಸುವುದಕ್ಕೆ ಹೋಗುತ್ತೇವೆ ಎಂಬ ಅರ್ಥದ ಮಾತನ್ನು ಅವರೇ ಆಡಿದ್ದಾರೆ. ಸಂವಿಧಾನದ 15ನೇ ವಿಧಿಯಲ್ಲಿ ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟದ ಜೊತೆಗೆ ರಸ್ತೆಯ ಹೆಸರೂ ಇದೆ. ಅಜ್ಜಿ ಇಳಿದು ನಿಂತ ಕೆಸರನ್ನು ನೆನೆಸಿಕೊಂಡರೆ ಆ ಒಂದು ಶಬ್ದದ ತೂಕ ತಿಳಿಯುತ್ತದೆ.

ಹಾಗಾದರೆ ಹುಡುಗನಿಗೆ "ಧೈರ್ಯವಾಗಿ ತಿರುಗಾಡು" ಎಂದು ಹೇಳಿ ಮುಗಿಸಬಹುದಿತ್ತು. ಆದರೆ ದಾರಿಯಲ್ಲಿ ಎರಡು ಸಂಗತಿ ನನ್ನನ್ನು ತಡೆದವು.

ಶಂಕರಪುರದ ಕಡೆಯ ಒಂದು ಜಗಲಿಯಲ್ಲಿ ಹೆಂಗಸೊಬ್ಬರು ಮಲ್ಲಿಗೆ ಕಟ್ಟುತ್ತಾ ಕೂತಿದ್ದರು. ಕತ್ತಲಿರುವಾಗಲೇ ಎದ್ದು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ನಾಲ್ಕು ಚೆಂಡು ಸೇರಿಸಿದರೆ ಒಂದು ಅಟ್ಟೆ. ಹೂ ಅರಳುವ ಮೊದಲು ಕಟ್ಟಿ ಮುಗಿಯಬೇಕು. ಮುಂಬಯಿಗೂ ಹೋಗುವ ಹೂ ಅದು. ಹತ್ತು ನಿಮಿಷ ಅವರ ಹತ್ತಿರ ಕೂತೆ, ಬೆರಳು ಒಮ್ಮೆಯೂ ನಿಲ್ಲಲಿಲ್ಲ. "ಭಾನುವಾರ ರಜೆ ಇಲ್ವಾ?" ಅಂದೆ. "ಗಿಡಕ್ಕೆ ಭಾನುವಾರ ಗೊತ್ತುಂಟಾ ಟೀಚರ್?" ಅಂದರು.

ಎರಡನೆಯದು ಪಾಂಗಾಳಕ್ಕೆ ಹೋಗುವಾಗ, ಒಂದು ಓಣಿಯಲ್ಲಿ. ಎದುರಿನಿಂದ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಒಬ್ಬ ಅಜ್ಜಿ ಬರುತ್ತಿದ್ದರು. ನನ್ನ ಕೊಡೆ, ಕನ್ನಡಕ, ಇಸ್ತ್ರಿಯ ಸೀರೆ ನೋಡಿ ಬದಿಯ ಮುಳ್ಳಿಗೆ ಒತ್ತಿಕೊಂಡು ನಿಂತರು. ನಾನು ಚರಂಡಿಯ ಕಡೆ ಇಳಿದು ನಿಂತೆ. ಅವರು ಕದಲಲಿಲ್ಲ. "ಈರ್ ಪೋಲೆ" ಅಂದರು, ನೀವು ಹೋಗಿ ಎಂದು. "ಹೊರೆ ಇರುವವರು ಮೊದಲು" ಅಂದೆ. ಸ್ವಲ್ಪ ಹೊತ್ತು ಇಬ್ಬರೂ ಹಾಗೆಯೇ ನಿಂತಿದ್ದೆವು. ಕೊನೆಗೆ ಅವರು ನಗುತ್ತಾ ಹೋದರು. ಅವರಿಗೆ ನನ್ನ ಜಾತಿ ಗೊತ್ತಿಲ್ಲ, ನನಗೆ ಅವರದು ಗೊತ್ತಿಲ್ಲ. ಆದರೂ ಯಾರು ಇಳಿಯಬೇಕೆಂದು ಅವರ ಕಾಲಿಗೆ ಗೊತ್ತಿತ್ತು. ಓದಿ, ಸಂಬಳ ಪಡೆದು, ಬಿಡುವು ಸಂಪಾದಿಸಿ ನಾವು ಕಟ್ಟಪುಣಿಯ ಮೇಲೆ ಬಂದಿದ್ದೇವೆ. ಕೆಸರಿನಲ್ಲಿ ಈಗ ಇನ್ಯಾರೋ ನಿಂತಿದ್ದರೆ ಬದಲಾದದ್ದು ನಡೆಯುವವರು ಮಾತ್ರ, ಕಟ್ಟಪುಣಿ ಅದೇ. ದಿನವಿಡೀ ಓಡಾಡಿ ದುಡಿಯುವವನೂ ಇದನ್ನು ಗಮನಿಸದಿದ್ದರೆ ಅವನದು ಪ್ರಮಾದವೇ. ಸುಮ್ಮನೆ ನಡೆಯುವವನ ಕಣ್ಣಿಗೆ ಇದು ಬಿದ್ದರೆ ಅವನು ಎಚ್ಚರದಲ್ಲೇ ಇದ್ದಾನೆ. ಬಸ್ಸಿನಲ್ಲಿ ಹೋಗಿದ್ದರೆ ನನಗೆ ಆ ಅಜ್ಜಿ ಕಾಣುತ್ತಲೇ ಇರಲಿಲ್ಲ.

ಹೆದ್ದಾರಿಯ ಬಗ್ಗೆ ಹೇಳುವಂಥದ್ದೇನಿಲ್ಲ, ಧೂಳು ಮತ್ತು ಲಾರಿ. ಕಾಪುವಿನ ಕಡಲ ತೀರದಲ್ಲಿ ಮಧ್ಯಾಹ್ನ ಇಡೀ ಕೂತೆ. ಮಹಾಸಮುದ್ರಕ್ಕೆ ಎಂಟು ವಿಶೇಷಗಳಿವೆ ಎಂದು ಬುದ್ಧರು ಹೇಳಿದ್ದು ನೀವೆಲ್ಲ ಓದಿದ್ದೀರಿ. ಎಲ್ಲೆಡೆ ಒಂದೇ ರುಚಿ, ಉಪ್ಪು. ನದಿಗಳು ಸಮುದ್ರ ಸೇರಿದ ಮೇಲೆ ಹಳೆಯ ಹೆಸರು ಬಿಡುವಂತೆ ನಾಲ್ಕು ವರ್ಣದವರೂ ಸಂಘ ಸೇರಿದ ಮೇಲೆ ಹೆಸರು, ಗೋತ್ರ ಬಿಡುತ್ತಾರೆ. ಅವರು ಗಂಗಾ, ಯಮುನಾ ಎಂದರು. ನಮ್ಮಲ್ಲಿ ಸೀತಾ, ಸ್ವರ್ಣಾ, ಪಾಪನಾಶಿನಿ. ಪಾಪನಾಶಿನಿ ಎಂಬ ಅಷ್ಟು ದೊಡ್ಡ ಹೆಸರನ್ನೂ ಕಡಲು ಇಟ್ಟುಕೊಳ್ಳುವುದಿಲ್ಲ.

ಗೂಡಂಗಡಿಯಲ್ಲಿ ಗೋಳಿಬಜೆ ತಿನ್ನುವಾಗ ಅಂಗಡಿಯವರು ಮಾತಿಗೆಳೆದರು. "ಮನೆ ಎಲ್ಲಿ? ಯಾರ ಮನೆಯ ಹತ್ತಿರ?" ನಮ್ಮೂರ ಕಡೆಯ ಈ ಪ್ರಶ್ನೆ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಹೇಳಬೇಕಾಗಿಲ್ಲ. "ಕಾಲನಿಯಲ್ಲಿ. ನಾವು ಬೌದ್ಧರು" ಅಂದೆ. ಅವರು ಒಂದು ಗಳಿಗೆ ಸುಮ್ಮನಾದರು. ಆಮೇಲೆ ಚಾ ಸೋಸಿ, ಎಲ್ಲರಿಗೂ ಕೊಟ್ಟಂಥದೇ ಗಾಜಿನ ಲೋಟದಲ್ಲಿ ಕೊಟ್ಟು, "ಸಕ್ಕರೆ ಸಾಕಾ ನೋಡಿ" ಅಂದರು. ಅದು ಅವರ ದೊಡ್ಡತನವೋ ವ್ಯಾಪಾರವೋ ನನಗೆ ಮುಖ್ಯವಲ್ಲ. ಸಂಜೆ ದೀಪಸ್ತಂಭದ ಬಂಡೆ ಹತ್ತಿದೆ. 1901ರ ದೀಪ, ಯಾವ ದೋಣಿ ಯಾರದೆಂದು ಕೇಳದೆ ಉರಿಯುತ್ತಾ ಬಂದಿದೆ.

ಪ್ರಶ್ನೆ ಕೇಳಿದ ಹುಡುಗ ಇದನ್ನು ಓದುತ್ತಿದ್ದರೆ: ಬರುವ ಭಾನುವಾರ ಬೆಳಿಗ್ಗೆ ಏಳಕ್ಕೆ ಇನ್ನಂಜೆ ಸ್ಟೇಷನ್ನಿನ ಎದುರು ಬಾ. ಇದುವರೆಗೆ ಆರು ಜನ ಹೆಸರು ಕೊಟ್ಟಿದ್ದಾರೆ. ಮೊಣಕಾಲು ನೋವಿನವರು ಬಸ್ಸಿನಲ್ಲಿ ನೇರ ಕಾಪುವಿಗೆ ಬಂದರೂ ಆಯಿತು. ನೀರು, ಕೊಡೆ ತನ್ನಿ. ಓಣಿಯಲ್ಲಿ ಸಾಲಾಗಿ ನಡೆಯೋಣ, ಹೊರೆ ಹೊತ್ತವರಿಗೆ ಜಾಗ ಇರಲಿ.

ಜೈ ಭೀಮ್.