ಲೆಕ್ಕ ಸರಿ ಅದರೀ

ಸಪ್ತಾಪುರದ ಓಣಿಗಳಲ್ಲಿ ಬೆಳಗಾಗುವುದೇ ಪುಸ್ತಕದ ಚೀಲಗಳಿಂದ. ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಎಂದು ಹಳ್ಳಿಗಳಿಂದ ಬಂದ ಹುಡುಗರಿಗೆ ನಾನಿಲ್ಲಿ ಗಣಿತ ಹೇಳಿಕೊಡುತ್ತೇನೆ. ಘಾತೀಯ ಬೆಳವಣಿಗೆ ಬಂದಾಗ ಚದುರಂಗದ ಮನೆಗಳಲ್ಲಿ ಕಾಳಿಡುವ ಕತೆ ಹೇಳುತ್ತಿದ್ದೆ. ಮನೆಯಿಂದ ಮನೆಗೆ ದುಪ್ಪಟ್ಟು. 64ನೆಯ ಮನೆಗೆ ಬರುವ ಮೊದಲೇ ರಾಜನ ಕಣಜ ಖಾಲಿ. ಹುಡುಗರು ನಗುತ್ತಿದ್ದರು. ಅಲ್ಲಿ ಸೋಲುವವನು ರಾಜ, ಅದಕ್ಕೇ ನಗು.

ಒಮ್ಮೆ ಕಾಳು ಬಿಟ್ಟು ಬಡ್ಡಿ ಹಿಡಿದೆ. ಹತ್ತು ಸಾವಿರ ಸಾಲ, ತಿಂಗಳಿಗೆ ನೂರಕ್ಕೆ ಐದು, ಐದು ವರ್ಷ ಏನೂ ಕಟ್ಟಿಲ್ಲ. ಸರಳ ಬಡ್ಡಿಯಾದರೆ ಒಟ್ಟು 40,000 ರೂಪಾಯಿ. ಬಡ್ಡಿಗೂ ಬಡ್ಡಿ ಬೀಳುವ ಚಕ್ರಬಡ್ಡಿಯಾದರೆ 1,86,792. ಹದಿನೈದು ತಿಂಗಳಲ್ಲಿ ಎರಡು ಪಟ್ಟು ದಾಟುವ ಸಾಲ ಅರವತ್ತು ತಿಂಗಳಲ್ಲಿ ಹದಿನೆಂಟು ಪಟ್ಟು ದಾಟಿರುತ್ತದೆ.

ಎಲ್ಲರಿಗಿಂತ ಮೊದಲು ಉತ್ತರ ತೆಗೆದ ಹುಡುಗ ಕ್ಲಾಸು ಮುಗಿದರೂ ಕುಳಿತೇ ಇದ್ದ. “ಲೆಕ್ಕ ಸರಿ ಅದರೀ ಸರ್. ಆದ್ರ ಇಷ್ಟು ರೊಕ್ಕ ಕೇಳೂದು ಸರಿ ಅದ ಏನ್ರೀ?”

ಯಾರ ಸಾಲ ಎಂದು ನಾನು ಕೇಳಲಿಲ್ಲ. “ಪರೀಕ್ಷಾದಾಗ ಅದನ್ನ ಕೇಳೂದಿಲ್ಲಪಾ” ಅಂದುಬಿಟ್ಟೆ. ಆ ಮಾತಿಗೆ ಈಗಲೂ ನಾಚಿಕೆಯಾಗುತ್ತದೆ.

ಹೆಪ್ಪು ಹಾಕಿದ ಹಾಲಿನಲ್ಲೂ ಜೀವಾಣುಗಳು ದುಪ್ಪಟ್ಟಾಗುತ್ತ ಹೋಗುತ್ತವೆ. ಆದರೆ ಹುಳಿ ಏರಿದಂತೆ ಬೆಳವಣಿಗೆ ತಾನಾಗಿ ತಗ್ಗುತ್ತದೆ. ಸಾಲಕ್ಕೆ ಆ ಗುಣವಿಲ್ಲ. ತೀರಿಸುವವನ ಹೊಲ, ದುಡಿಮೆ ಎಲ್ಲ ಮುಗಿದ ಮೇಲೂ ಅದು ಕಾಗದದಲ್ಲಿ ಬೆಳೆಯುತ್ತದೆ. ಮನುಷ್ಯರೇ ಅದನ್ನು ನಿಲ್ಲಿಸಬೇಕು.

ನಿಲ್ಲಿಸಿದ್ದೂ ಉಂಟು. ಒಂದು ಸಲಕ್ಕೆ ವಸೂಲು ಮಾಡುವ ಬಡ್ಡಿ ಅಸಲನ್ನು ಮೀರಬಾರದೆಂದು ಮನುಸ್ಮೃತಿಯಲ್ಲೇ ಇದೆ. ಮುಂಬೈ ಪ್ರಾಂತದ ಕೋರ್ಟುಗಳು ‘ದಾಮ್‌ದುಪ್ಪಟ್’ ಎಂಬ ಹೆಸರಿನಲ್ಲಿ ಅದನ್ನು ಪಾಲಿಸಿದವು. 1956ರವರೆಗೆ ಧಾರವಾಡವೂ ಮುಂಬೈಗೇ ಸೇರಿತ್ತು. ಆ ಲೆಕ್ಕದಲ್ಲಿ ಹತ್ತು ಸಾವಿರಕ್ಕೆ ಹೆಚ್ಚೆಂದರೆ ಇಪ್ಪತ್ತು ಸಾವಿರ. ಕೊಟ್ಟವನಿಗೂ ಮೋಸವಿಲ್ಲ, ಪಡೆದವನೂ ಮುಳುಗುವುದಿಲ್ಲ. ಆದರೆ ಅದೇ ಮನುಸ್ಮೃತಿ ಬ್ರಾಹ್ಮಣನಿಗೆ ತಿಂಗಳಿಗೆ ನೂರಕ್ಕೆ ಎರಡು, ಶೂದ್ರನಿಗೆ ಐದು ಎಂದು ಬಡ್ಡಿಯನ್ನೂ ಜಾತಿ ನೋಡಿ ಹಂಚಿತ್ತು. ನಾನು ಬೋರ್ಡಿನ ಮೇಲೆ ಬರೆದಿದ್ದೂ ಐದೇ. ಗೆರೆ ಎಳೆದರೆ ಸಾಲದು, ಯಾರು ಯಾರಿಗಾಗಿ ಎಳೆದರೆಂಬುದನ್ನೂ ಕೇಳಬೇಕು.

ಈಗ ಆ ಲೆಕ್ಕ ಬಿಡಿಸಿದ ಮೇಲೆ ಇನ್ನೊಂದು ಪ್ರಶ್ನೆ ಬರೆಯುತ್ತೇನೆ: ಇದು ಎಲ್ಲಿ ನಿಲ್ಲಬೇಕು? ಇದಕ್ಕೆ ಅಂಕವಿಲ್ಲ. ಆದರೆ ಇವರಲ್ಲೇ ಕೆಲವರು ನಾಳೆ ತಹಶೀಲ್ದಾರ್, ಪಿಎಸ್‌ಐ ಆಗುತ್ತಾರೆ. ಸಾಲದ ಕಾಗದ ಹಿಡಿದವನೂ ಸಾಲ ಮಾಡಿದವನೂ ಅವರ ಮೇಜಿನ ಮುಂದೆ ನಿಲ್ಲುತ್ತಾರೆ. ಕ್ಲಾಸಿನಲ್ಲಿ ಈಗ ಜೋರು ವಾದ ನಡೆಯುತ್ತದೆ. ಮೊದಲು ಕೇಳಿದ ಹುಡುಗ ಮಾತ್ರ ಅಲ್ಲಿಲ್ಲ.