ಒಂದು ಮುಹೂರ್ತದ ಸಂಯಮ

ಅನ್ನಪಾನಗಳ ತ್ಯಾಗವಷ್ಟೇ ಉಪವಾಸವಲ್ಲ. ಒಳಗಿನ ಕಷಾಯಗಳಿಗೆ ಆಹಾರವನ್ನು ನಿಲ್ಲಿಸುವುದೇ ಅದರ ತಿರುಳು. ಮಾತ್ಸರ್ಯಕ್ಕೆ ಉಣಿಸುತ್ತ ಹೋದವರ ಗತಿ ಏನಾಗುವುದೆಂಬುದನ್ನು ಇಂಗ್ಲೆಂಡಿನ ಮಹಾಕವಿ ಷೇಕ್ಸ್‌ಪಿಯರನು ‘ಒಥೆಲೊ’ ಎಂಬ ದುರಂತ ನಾಟಕದಲ್ಲಿ ತೋರಿಸಿದ್ದಾನೆ. 1604ರಲ್ಲಿ ಲಂಡನ್ನಿನ ರಾಜಾಸ್ಥಾನದಲ್ಲಿ ಪ್ರದರ್ಶಿತವಾದ ಈ ಕೃತಿಯನ್ನು ಬಸವಪ್ಪ ಶಾಸ್ತ್ರಿಗಳು ‘ಶೂರಸೇನ ಚರಿತೆ’ಯೆಂದು ಕನ್ನಡಕ್ಕೆ ತಂದರು.

ವೆನಿಸ್ ನಗರದ ಸೇನಾಪತಿ ಒಥೆಲೊ ಪರಾಕ್ರಮಿ, ಸರಳಹೃದಯಿ. ಡೆಸ್ಡಿಮೋನ ಅವನ ಸಾಧ್ವಿ ಪತ್ನಿ. ತಾನು ಬಯಸಿದ ಉಪಸೇನಾಪತಿಯ ಪದವಿ ಕ್ಯಾಸಿಯೊಗೆ ದೊರೆತುದನ್ನು ಸಹಿಸದ ಇಯಾಗೊ, ಒಡೆಯನ ಮೇಲೆ ಹಗೆ ತೀರಿಸಲು ಹೊರಟನು. ಮಾನಕಷಾಯವು ಕ್ರೋಧವನ್ನು ಹೆತ್ತಿತು. ಕ್ರೋಧವು ಮಾಯೆಯನ್ನು ಹೆತ್ತಿತು. ಅರ್ಧ ಆಡಿ ಅರ್ಧ ನುಂಗಿದ ಮಾತೇ ಅವನ ಅಸ್ತ್ರ. ಡೆಸ್ಡಿಮೋನಳ ಕೈಜಾರಿ ಬಿದ್ದ ಕರವಸ್ತ್ರವನ್ನು ತನ್ನ ಹೆಂಡತಿ ಎಮಿಲಿಯಳಿಂದ ಪಡೆದು ಕ್ಯಾಸಿಯೊನ ಬಿಡಾರದಲ್ಲಿ ಹಾಕಿದನು. ಆ ತುಂಡು ಬಟ್ಟೆಯೇ ಒಥೆಲೊಗೆ ಪತ್ನಿಯ ಶೀಲಭಂಗದ ಸಾಕ್ಷಿಯಾಯಿತು! ಅವನು ಕ್ಯಾಸಿಯೊನನ್ನು ಮರೆಯಲ್ಲಿ ನಿಂತು ನೋಡಿದನೇ ಹೊರತು ಎದುರು ನಿಲ್ಲಿಸಿ ಒಂದು ಮಾತನ್ನೂ ಕೇಳಲಿಲ್ಲ.

ಸೇಡು ಯಾವಾಗಲೂ ನ್ಯಾಯದ ವೇಷದಲ್ಲಿಯೇ ಬರುವುದು. ಸೈಪ್ರಸ್ ದ್ವೀಪದಲ್ಲಿ ಆ ರಾತ್ರಿ ಶಯ್ಯಾಗೃಹವನ್ನು ಹೊಕ್ಕ ಒಥೆಲೊ ತನ್ನನ್ನು ಕೊಲೆಗಾರನೆಂದು ತಿಳಿಯಲಿಲ್ಲ, ಧರ್ಮಾಧಿಕಾರಿಯೆಂದೇ ತಿಳಿದನು. ಆ ಸಾಧ್ವಿ ಒಂದು ರಾತ್ರಿಯ ಜೀವದಾನವನ್ನು ಬೇಡಿದಳು. ಕಡೆಗೆ ಅರ್ಧ ಗಂಟೆಯನ್ನಾದರೂ ಬೇಡಿದಳು. ಅವನು ಕೊಡಲಿಲ್ಲ. ಕೊಲೆ ನಡೆದ ಸ್ವಲ್ಪ ಹೊತ್ತಿನಲ್ಲಿಯೇ ಎಮಿಲಿಯಳು ಬಂದು ಕರವಸ್ತ್ರದ ನಿಜವನ್ನು ಹೊರಗೆಡಹಿ, ಅದಕ್ಕಾಗಿ ಗಂಡನ ಕತ್ತಿಗೆ ಬಲಿಯಾದಳು. ಒಥೆಲೊ ತನ್ನನ್ನೇ ಇರಿದುಕೊಂಡನು. ಇಯಾಗೊಗೆ ದೊರೆತುದು ಚಿತ್ರಹಿಂಸೆಯ ದಂಡನೆ. ಸೈಪ್ರಸ್ಸಿನ ಆಡಳಿತವೇ ಕ್ಯಾಸಿಯೊನ ಪಾಲಾಯಿತು.

ಕ್ರೋಧವನ್ನು ನಮ್ಮ ಆಚಾರ್ಯರು ಕಲ್ಲಿನ ಗೆರೆ, ನೆಲದ ಗೆರೆ, ಧೂಳಿನ ಗೆರೆ, ನೀರಿನ ಗೆರೆಯೆಂದು ನಾಲ್ಕು ಬಗೆಯಾಗಿ ಹೇಳಿದ್ದಾರೆ. ನೀರಿನ ಗೆರೆಯಂತಹ ಸಂಜ್ವಲನ ಕ್ರೋಧವು ಅಂತರ್ಮುಹೂರ್ತದಲ್ಲಿ, ಎಂದರೆ 48 ನಿಮಿಷಗಳೊಳಗೆ, ಅಳಿದುಹೋಗುವುದು. ಡೆಸ್ಡಿಮೋನ ಬೇಡಿದ ಕಾಲ ಅದಕ್ಕಿಂತಲೂ ಕಡಿಮೆ. ಅಷ್ಟು ಹೊತ್ತು ತನ್ನ ರೋಷವನ್ನು ಉಪವಾಸವಿರಿಸಿದ್ದರೆ ಸತ್ಯವು ತಾನಾಗಿ ಬಾಗಿಲು ತಟ್ಟುತ್ತಿತ್ತು.

ಆದುದರಿಂದ ಅಷ್ಟಮಿ ಚತುರ್ದಶಿಗಳಲ್ಲಿ ವ್ರತ ಕೈಗೊಳ್ಳುವ ಶ್ರಾವಕ ಶ್ರಾವಿಕೆಯರು ಈ ಎರಡು ನಿಯಮಗಳನ್ನೂ ಜೊತೆಗಿರಿಸಿಕೊಳ್ಳಲಿ: ಪರರ ಕುರಿತು ಕಿವಿಗೆ ಬಿದ್ದ ದೂರನ್ನು ಅವರನ್ನೇ ಕೇಳದೆ ನಂಬಲಾಗದು, ಕೋಪ ಬಂದಾಗ ಒಂದು ಮುಹೂರ್ತ ಕಳೆಯದೆ ನಾಲಿಗೆಯನ್ನಾಗಲಿ ಕೈಯನ್ನಾಗಲಿ ಎತ್ತಲಾಗದು. ಹಸಿವನ್ನು ಒಂದು ದಿನ ತಡೆಯಬಲ್ಲವರಿಗೆ ಹಗೆಯನ್ನು ಒಂದು ಮುಹೂರ್ತ ತಡೆಯುವುದು ಅಸಾಧ್ಯವೇ?