ದೇವರ ಗಳಿಗೆ ಮತ್ತು ತಾಯಿಯ ಮಾತು



ಮಾತೆ ಮರಿಯಮ್ಮನವರ ಒಡಲಲ್ಲಿದ್ದ ಪ್ರಭುವಿನ ಸಾನ್ನಿಧ್ಯಕ್ಕೆ ಮೊದಲು ನಲಿದವರು ಯಾರು? ಇನ್ನೂ ಹುಟ್ಟದೇ ಇದ್ದ ಒಂದು ಕೂಸು. ಎಲಿಜಬೇತಮ್ಮನ ಗರ್ಭದಲ್ಲಿದ್ದ ಯೊವಾನ್ನ ಆನಂದದಿಂದ ಅಲುಗಾಡಿದ. ಆ ಅಲುಗಾಟದ ಅರ್ಥವನ್ನು ತಾಯಿ ತಿಳಿದುಕೊಂಡಳು (ಲೂಕ 1:39-45). ಹೊಟ್ಟೆಯೊಳಗಿನ ಕೂಸಿಗೆ ಬಾಯಿಲ್ಲ. ಅಲುಗಾಟವೇ ಅದರ ಮಾತು. ಆ ಮಾತನ್ನು ಹಗಲೂ ರಾತ್ರಿ ಕೇಳಬಲ್ಲವಳು ಹೆತ್ತ ತಾಯಿ ಒಬ್ಬಳೇ.

ಆ ಮಾತು ಕಡಿಮೆಯಾದರೆ ಏನು ಮಾಡಬೇಕು?

ಕಳೆದ ಆಗಮನ ಕಾಲದ ಒಂದು ಸಂಜೆ ಬದನಗುಪ್ಪೆಯ ಯುವಕನೊಬ್ಬ ನನ್ನನ್ನು ನೋಡಲು ಬಂದ. ಹೆಂಡತಿಗೆ 38 ವಾರ ತುಂಬಿತ್ತು. ಕೂಸಿನ ಅಲುಗಾಟ ಕಡಿಮೆಯಾಗಿದೆ ಎಂದು ಆ ವಾರದಲ್ಲಿ ಎರಡನೆಯ ಸಲ ಆಕೆಯನ್ನು ಚಾಮರಾಜನಗರಕ್ಕೆ ಕರೆದುಕೊಂಡು ಹೋಗಿದ್ದರು. ಕೂಸಿನ ಎದೆಬಡಿತ ಚೆನ್ನಾಗಿತ್ತು. ಸುತ್ತಲಿನ ನೀರು ಕಡಿಮೆಯಿತ್ತು. ಇವತ್ತೇ ಸೇರಿಸಿ, ನೋವು ಬರಿಸಿ ಹೆರಿಗೆ ಮಾಡಿಸೋಣ ಎಂದು ವೈದ್ಯರು ಹೇಳಿದ್ದರು. ಇವರು “ಮನೆಯಲ್ಲಿ ಕೇಳಿ ಬರುತ್ತೇವೆ” ಎಂದು ಹಿಂದಿರುಗಿದ್ದರು. ಮನೆಯಲ್ಲಿ ಅತ್ತೆ ಒಪ್ಪಲಿಲ್ಲ. “ನಾನು ಐದು ಹೆತ್ತೋಳು. ಕೊನೇ ದಿನದಲ್ಲಿ ಕೂಸಿಗೆ ಜಾಗ ಸಾಲ್ದು, ಸುಮ್ಮನಾಯ್ತದೆ. ಗಳಿಗೆ ಕೂಡಿದ್ರೆ ಅದೇ ಬತ್ತದೆ” ಎಂದಿದ್ದರು.

“ಸ್ವಾಮಿ, ಗಳಿಗೆಗೆ ಮುಂಚೆ ನೋವು ಬರಿಸಿದ್ರೆ ದೇವರ ಕೆಲಸಕ್ಕೆ ಕೈ ಹಾಕ್ದಂಗಲ್ವಾ? ಪಾಪ ಅಲ್ವಾ?” ಎಂದು ಆತ ಕೇಳಿದ.

ಪಾಪವಲ್ಲ ಎಂದೆ. ಬಳಿಕ ನಾನೊಂದು ಪ್ರಶ್ನೆ ಕೇಳಿದೆ: “ನಿನ್ನ ಹೆಂಡತಿ ಏನನ್ನುತ್ತಾಳೆ?” ಆತ ತಲೆ ತಗ್ಗಿಸಿದ. ಆಕೆಯನ್ನು ಯಾರೂ ಕೇಳಿರಲಿಲ್ಲ.

ಪ್ರಿಯರೇ, ಆ ಸಂಜೆ ನಾನು ಆತನೊಡನೆಯೇ ಹೊರಟೆ. ಅದಕ್ಕೊಂದು ಕಾರಣವಿತ್ತು. 15 ವರ್ಷಗಳ ಹಿಂದೆ, ಬೇರೊಂದು ಊರಿನಲ್ಲಿ, ಭಾನುವಾರದ ಪೂಜೆ ಮುಗಿದ ಮೇಲೆ ತುಂಬು ಬಸುರಿಯೊಬ್ಬಳು ನನ್ನ ಬಳಿ ಬಂದು “ನೆನ್ನೆಯಿಂದ ಕೂಸು ಒದೀತಿಲ್ಲ ಸ್ವಾಮಿ” ಎಂದಳು. ನಾನು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, “ಹೆದರಬೇಡಮ್ಮ, ದೇವರಿದ್ದಾನೆ” ಎಂದು ಹೇಳಿ ಕಳುಹಿಸಿದೆ. ಮಂಗಳವಾರ ಮೊಳದುದ್ದದ ಒಂದು ಪೆಟ್ಟಿಗೆಯನ್ನು ಸಮಾಧಿಯಲ್ಲಿ ಆಶೀರ್ವದಿಸಿದೆ. ಅಂದೇ ಆಸ್ಪತ್ರೆಗೆ ಹೋಗಿದ್ದರೆ ಕೂಸು ಉಳಿಯುತ್ತಿತ್ತೇ? ಯಾವ ವೈದ್ಯರೂ ಖಚಿತವಾಗಿ ಹೇಳಲಾರರು. ಆದರೆ ನಾನು ಆಕೆಗೆ ಕೊಟ್ಟದ್ದು ಅರ್ಧ ಉತ್ತರ. ದೇವರಿದ್ದಾನೆ ಎಂದ ನಾನು, ಆ ದೇವರೇ ವೈದ್ಯರನ್ನೂ ಇಟ್ಟಿದ್ದಾನೆ ಎಂದು ಹೇಳಲಿಲ್ಲ.

ಸಿರಾಖನ ಗ್ರಂಥದ 38ನೆಯ ಅಧ್ಯಾಯವನ್ನು ಮನೆಯಲ್ಲಿ ತೆರೆದು ಓದಿರಿ. ಕಾಯಿಲೆ ಬಿದ್ದವನು ಪ್ರಾರ್ಥಿಸಬೇಕು, ಮತ್ತು ವೈದ್ಯನಿಗೂ ಎಡೆಗೊಡಬೇಕು ಎಂದು ಅದು ಬೋಧಿಸುತ್ತದೆ. ಆದಿಕಾಂಡದ 25ನೆಯ ಅಧ್ಯಾಯದಲ್ಲಿ ರೆಬೆಕ್ಕಳ ಹೊಟ್ಟೆಯಲ್ಲಿ ಅವಳಿ ಮಕ್ಕಳು ನೂಕಾಡಿದಾಗ ಆಕೆ ಸುಮ್ಮನೆ ಕೂರಲಿಲ್ಲ. ಎದ್ದು ಹೋಗಿ ಸರ್ವೇಶ್ವರನನ್ನೇ ವಿಚಾರಿಸಿದಳು. ಹೊಟ್ಟೆಯೊಳಗೆ ಏನೋ ಬೇರೆಯಾಗಿದೆ ಎಂದು ಕಂಡ ತಾಯಿ ಹೋಗಿ ಕೇಳುವುದು ಅವಿಶ್ವಾಸವಲ್ಲ.

ಹಾಗಾದರೆ ದೇವರ ಗಳಿಗೆ ಎಂದರೇನು? ಪಂಚಾಂಗದಲ್ಲಿ ಮೊದಲೇ ಗುರುತು ಹಾಕಿಟ್ಟ ದಿನವೇ? ಅಲ್ಲ. ದೇವರು ಮೂಲ ಕಾರಣ. ಮನುಷ್ಯನ ಬುದ್ಧಿ, ಕೈ, ಔಷಧಗಳ ಮೂಲಕವೂ ಆತ ಕೆಲಸ ಮಾಡುತ್ತಾನೆ ಎಂಬುದು ಸಂತ ಥಾಮಸ್ ಅಕ್ವಿನಾಸರ ಬೋಧನೆ. ಹೆರಿಗೆಯ ನೋವನ್ನು ಕಡಿಮೆ ಮಾಡುವುದನ್ನು ಪವಿತ್ರ ಗ್ರಂಥ ನಿಷೇಧಿಸುವುದಿಲ್ಲ ಎಂದು 12ನೆಯ ಪಯಸ್ ಜಗದ್ಗುರುಗಳು 1956ರಲ್ಲಿಯೇ ತಿಳಿಸಿದರು. ಕೂಸು ಹೊರಗೆ ಬದುಕಬಲ್ಲಷ್ಟು ಬೆಳೆದ ಮೇಲೆ, ತಕ್ಕ ಕಾರಣವಿದ್ದರೆ ನೋವು ಬರಿಸಬಹುದೆಂದು ಅಮೆರಿಕದ ಧರ್ಮಾಧ್ಯಕ್ಷರು ಕಥೋಲಿಕ ಆಸ್ಪತ್ರೆಗಳಿಗೆ ಕೊಟ್ಟ ನಿಯಮಾವಳಿಯಲ್ಲಿದೆ. ‘ತಕ್ಕ ಕಾರಣ’ ಎಂಬ ಮಾತನ್ನು ಗಮನಿಸಿರಿ. ಅದನ್ನು ತೂಗಿ ನೋಡಲು ಬೇಕಾದದ್ದು ವಿವೇಕ.

ವಿವೇಕಕ್ಕೆ ಸಂತ ಥಾಮಸರು ಮೂರು ಹೆಜ್ಜೆಗಳನ್ನು ಹೇಳುತ್ತಾರೆ: ವಿಚಾರಿಸುವುದು, ನಿರ್ಣಯಿಸುವುದು, ಕಾರ್ಯಕ್ಕೆ ಇಳಿಯುವುದು.

ಮೊದಲನೆಯದು ವಿಚಾರಿಸುವುದು. ದಿನ ತುಂಬಿದಂತೆ ಕೂಸು ಸುಮ್ಮನಾಗುತ್ತದೆ ಎಂಬ ಮಾತು ನಮ್ಮ ಕಡೆ ಮನೆಮನೆಯಲ್ಲೂ ಇದೆ. ಅದು ಸರಿಯಲ್ಲ. ಅಲುಗಾಟದ ರೀತಿ ಬದಲಾಗಬಹುದು. ಆದರೆ ಹೆರಿಗೆಯ ದಿನದವರೆಗೂ ಕೂಸು ಅಲುಗಾಡುತ್ತಲೇ ಇರಬೇಕು. ತನ್ನ ಕೂಸಿನ ವಾಡಿಕೆಗಿಂತ ಅಲುಗಾಟ ಕಡಿಮೆಯಾಯಿತು ಎಂದು ತಾಯಿಗೆ ಅನ್ನಿಸಿದರೆ ಅಂದೇ ಹೋಗಬೇಕು, ನಾಳೆ ಎನ್ನಬಾರದು. ಅಲ್ಲಿ ಎದೆಬಡಿತ ಕೇಳುತ್ತಾರೆ, ಹೊಟ್ಟೆಗೆ ಪಟ್ಟಿ ಕಟ್ಟಿ ಆ ಬಡಿತದ ಏರಿಳಿತ ನೋಡುತ್ತಾರೆ, ಸ್ಕ್ಯಾನಿಂಗ್‌ನಲ್ಲಿ ಬೆಳವಣಿಗೆ ಮತ್ತು ನೀರನ್ನು ಪರೀಕ್ಷಿಸುತ್ತಾರೆ. ಹೆಚ್ಚಿನವರು ಕೂಸು ಚೆನ್ನಾಗಿದೆ ಎಂಬ ಸಮಾಧಾನದೊಂದಿಗೆ ಮನೆಗೆ ಬರುತ್ತಾರೆ. ಮತ್ತೆ ಕಡಿಮೆಯಾದರೆ ನಾಚಿಕೆಪಡದೆ ಮತ್ತೆ ಹೋಗಬೇಕು.

ಎರಡನೆಯದು ನಿರ್ಣಯ. ಅಲುಗಾಟ ಕಡಿಮೆಯಾದವರಿಗೆಲ್ಲ ನೋವು ಬರಿಸಬೇಕೆಂದಿಲ್ಲ. ತಾಯಂದಿರಿಗೆ ಈ ಬಗ್ಗೆ ತಿಳುವಳಿಕೆ ಕೊಟ್ಟು, ಅಗತ್ಯ ಕಂಡರೆ ಬೇಗ ಹೆರಿಗೆ ಮಾಡಿಸುವ ಕ್ರಮವನ್ನು ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ 4 ಲಕ್ಷಕ್ಕೂ ಹೆಚ್ಚು ಗರ್ಭಿಣಿಯರಲ್ಲಿ ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ನೋವು ಬರಿಸಿದ ಹೆರಿಗೆಗಳೂ ಸಿಸೇರಿಯನ್‌ಗಳೂ ಹೆಚ್ಚಿದವು. ಹೊಟ್ಟೆಯಲ್ಲೇ ಕೂಸು ಸಾಯುವುದು ಸ್ಪಷ್ಟವಾಗಿ ಇಳಿಯಲಿಲ್ಲ. ಆದ್ದರಿಂದ ಒಬ್ಬೊಬ್ಬ ತಾಯಿಯ ಸ್ಥಿತಿಯನ್ನೂ ಬೇರೆಯಾಗಿ ತೂಗಬೇಕು. ಎಷ್ಟು ವಾರ ತುಂಬಿದೆ? 39 ವಾರಕ್ಕೆ ಮುಂಚೆ ಬಂದ ಕೂಸಿಗೆ ಉಸಿರಾಟದ ತೊಂದರೆಯಾಗುವ ಸಂಭವ ಸ್ವಲ್ಪ ಹೆಚ್ಚು. ನೀರು, ಬೆಳವಣಿಗೆ, ಎದೆಬಡಿತ ಹೇಗಿದೆ? ಇದು ಎಷ್ಟನೆಯ ಸಲ? ಕಾದರೆ ಏನು ಅಪಾಯ, ಬರಿಸಿದರೆ ಏನು ಅಪಾಯ? ಇವನ್ನು ವೈದ್ಯರಲ್ಲಿ ಧೈರ್ಯವಾಗಿ ಕೇಳುವುದು ನಿಮ್ಮ ಹಕ್ಕು. ಒಳ್ಳೆಯ ನಕ್ಷತ್ರಕ್ಕಾಗಿ ಬೇಗ ಹೆರಿಗೆ ಮಾಡಿಸುವುದೂ ತಪ್ಪು, ಹಬ್ಬ ಕಳೆಯಲಿ ಎಂದು ತಡಮಾಡುವುದೂ ತಪ್ಪು. ನೋವಿನ ಇಂಜೆಕ್ಷನ್ನನ್ನು ಮನೆಯಲ್ಲಿ ಯಾರಿಂದಲೂ ಹಾಕಿಸಿಕೊಳ್ಳಬೇಡಿರಿ. ಕೂಸಿನ ಎದೆಬಡಿತ ನೋಡಿಕೊಳ್ಳುತ್ತಾ, ಬೇಕಾದರೆ ಆಪರೇಷನ್ ಮಾಡಬಲ್ಲ ಆಸ್ಪತ್ರೆಯಲ್ಲಿ ಮಾತ್ರ ಅದು ನಡೆಯಬೇಕು.

ಮೂರನೆಯದು ಕಾರ್ಯಕ್ಕೆ ಇಳಿಯುವುದು. ನಾವು ಸೋಲುವುದು ಇಲ್ಲಿಯೇ. ಹಣವಿಲ್ಲ ಎನ್ನುತ್ತೇವೆ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಉಚಿತ, ಸಿಸೇರಿಯನ್ ಕೂಡ. ವಾಹನವಿಲ್ಲ ಎನ್ನುತ್ತೇವೆ. 108ಕ್ಕೆ ಕರೆ ಮಾಡಬಹುದು. ತಾಯಿ ಕಾರ್ಡನ್ನು ಕೈಯಲ್ಲಿ ಹಿಡಿದು ಹೊರಡಿರಿ; ಜಪಸರವನ್ನು ದಾರಿಯಲ್ಲಿ ಹೇಳಿರಿ.

ಆ ಸಂಜೆ ಆಕೆಯನ್ನು ಕೇಳಿದಾಗ ಹೇಳಿದ್ದು ಎರಡೇ ಮಾತು: “ಕೂಸು ಮುಂಚಿನಂಗಿಲ್ಲ ಸ್ವಾಮಿ. ನಾನು ಹೋಯ್ತೀನಿ.” ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಳಗೆ ಹೋಗಿ ಹಳೆಯ ಸೀರೆಗಳನ್ನೂ ಫ್ಲಾಸ್ಕನ್ನೂ ಚೀಲಕ್ಕೆ ತುಂಬಿ, ಸೊಸೆಗಿಂತ ಮೊದಲು ಹೊರಟು ನಿಂತರು. ಮರುದಿನ ರಾತ್ರಿ ಹೆಣ್ಣು ಮಗು ಹುಟ್ಟಿತು. ಕಾದಿದ್ದರೆ ಏನಾಗುತ್ತಿತ್ತೋ ದೇವರೇ ಬಲ್ಲ. ಅಂದು ತಿಳಿದಿದ್ದನ್ನು ಇಟ್ಟುಕೊಂಡು ಅಂದು ಪ್ರಾಮಾಣಿಕವಾಗಿ ನಿರ್ಣಯಿಸಿದವರ ಮನಸ್ಸಾಕ್ಷಿ ನಿರ್ಮಲ.

ಕೂಸನ್ನು ಕಳೆದುಕೊಂಡ ತಾಯಂದಿರಿಗೂ ಒಂದು ಮಾತು. ಅದು ನಿಮಗೆ ಬಂದ ಶಿಕ್ಷೆಯಲ್ಲ. ದೀಕ್ಷಾಸ್ನಾನವಿಲ್ಲದೆ ತೀರಿಹೋದ ಕೂಸುಗಳನ್ನು ದೇವರು ರಕ್ಷಿಸುವನೆಂದು ನಂಬಿ ಆಶಿಸಲು ಬಲವಾದ ಕಾರಣಗಳಿವೆ ಎಂದು ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗ 2007ರಲ್ಲಿ ತಿಳಿಸಿದೆ. ಅಂಥ ಕೂಸಿಗಾಗಿ ಪ್ರಾರ್ಥಿಸಲು ನಿಮ್ಮ ಗುರುಗಳನ್ನು ಕೇಳಲು ಹಿಂಜರಿಯಬೇಡಿರಿ.

ಮಾತೆ ಮರಿಯಮ್ಮನವರು ಬಸುರಿ ಎಲಿಜಬೇತಮ್ಮನ ಮನೆಗೆ ಹೊರಟದ್ದು ಅವಸರದಿಂದ ಎಂದು ಸಂತ ಲೂಕನು ಬರೆಯುತ್ತಾನೆ. ಪ್ರೀತಿ ಇರುವ ಕಡೆ ಅವಸರವೂ ಭಕ್ತಿಯೇ. ನಿಮ್ಮ ಮನೆಯ ಬಸುರಿಯನ್ನು ಇಂದು ಕೇಳಿರಿ: “ಕೂಸು ಹೇಗಿದೆಯಮ್ಮ?” ಆಕೆ ಹೇಳುವುದನ್ನು ನಂಬಿರಿ. ಆ ತಾಯಿ ಮಕ್ಕಳನ್ನು ಪ್ರಭು ಕಾಪಾಡಲಿ.